ಬೆಂಚಿನ ಆ ತುದಿ

ಕಲ್ಯಾಣಪುರ,
ಮೊಂತಿ ಫೆಸ್ತಿನ (ತೆನೆ ಹಬ್ಬದ) ಮರುದಿನ

ಪ್ರೀತಿಯ ಬಾಯೆ,

ನಿನ್ನ ಪತ್ರ ಬಂದು ಹನ್ನೊಂದು ದಿನ ಆಯಿತು. ಓದಿದ ಕೂಡಲೇ ಉತ್ತರ ಬರೆಯುವವನು ನಾನು, ನಿನಗೆ ಗೊತ್ತು. ಈ ಸಲ ಮೂರು ಬಾರಿ ಬರೆಯಲು ಕೂತು ಎದ್ದೆ. ಒಮ್ಮೆ ಕೊಂಕಣಿಯಲ್ಲೂ ಶುರು ಮಾಡಿದೆ. ಆಗಲಿಲ್ಲ. ಕೆಲವು ಮಾತು ಮನೆಯ ಭಾಷೆಯಲ್ಲಿ ಹೊರಗೆ ಬರುವುದೇ ಇಲ್ಲ. ಜೀವನ ಪೂರ್ತಿ ಶಾಲೆಯಲ್ಲಿ ಕಲಿಸಿದ ಭಾಷೆಯಲ್ಲಾದರೆ ಕೈ ಅಷ್ಟು ನಡುಗುವುದಿಲ್ಲ.

ನಿಮ್ಮ ಅಪಾರ್ಟ್ಮೆಂಟಿನ ಗಲೀಜು ಗುಂಡಿಗೆ ಕೆಲಸದವನನ್ನು ಇಳಿಸಿದ ವಿಷಯ ಪುನಃ ಎತ್ತುವುದಿಲ್ಲ. 'ಅವನಾಗಿಯೇ ಇಳಿದ' ಅಂತ ನಿನ್ನ ಸಹಿ ಕೇಳುವ ಅಸೋಸಿಯೇಶನ್‌ನವರ ಕಾಗದದ ವಿಷಯವೂ ನಿನ್ನ ಮಮ್ಮಿ ಫೋನಿನಲ್ಲಿ ಎರಡು ಸಲ ಹೇಳಿ ಆಗಿದೆ. ನನ್ನನ್ನು ಕೂರಲು ಬಿಡದೆ ಇದ್ದದ್ದು ನಿನ್ನ ಎರಡನೇ ಪುಟದ ಕೊನೆಯ ಸಾಲು. "ಬಾಪ್ಪು, ನನಗೆ ಪೊಲೀಸರ ಹೆದರಿಕೆ ಇಲ್ಲ, ಕೋರ್ಟಿನ ಹೆದರಿಕೆಯೂ ಇಲ್ಲ. ಆದಿತ್ಯವಾರ ಪೂಜೆಗೆ ಹೋದಾಗ ನನ್ನ ಬೆಂಚಿನಲ್ಲಿ ಯಾರೂ ಬಂದು ಕೂರದಿದ್ದರೆ ಏನು ಮಾಡಲಿ?"

ಹಾಗೆಲ್ಲ ಏನೂ ಆಗುವುದಿಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ ಅಂತ ಬರೆಯಲು ಕೂತಿದ್ದೆ. ನಿನ್ನ ಆಂಟಿಯೂ ಹಾಗೇ ಬರೆಯಿರಿ ಅಂದಳು. ಪೆನ್ನು ಮುಂದೆ ಹೋಗಲಿಲ್ಲ. ಆಗುತ್ತದೆ ಬಾಯೆ. ಹಾಗೆ ಆಗುತ್ತದೆ. ನಾನು ನೋಡಿದ್ದೇನೆ. ನೋಡಿದ್ದು ಮಾತ್ರ ಆಗಿದ್ದರೆ ಇಷ್ಟು ದಿನ ಬೇಕಾಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ತಮಾಷೆ ಉಂಟಲ್ಲ, ಸ್ವರವೇ ಇಲ್ಲದ ಬಾಪ್ಪು ಇಷ್ಟು ವರ್ಷ ಕೊಯರಿನಲ್ಲಿ ಹೇಗೆ ಹಾಡಿದ ಅಂತ. ನಿನ್ನ ಡ್ಯಾಡಿ ಪ್ರತಿ ಕ್ರಿಸ್ಮಸ್ಸಿಗೆ ನನ್ನ ಹಾಗೆ ಹಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಯಾಕೆ ಸೇರಿದೆ ಅಂತ ಯಾರೂ ಕೇಳಲಿಲ್ಲ.

1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಕಾನೂನು ಬಂತು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್' ಅಂತಲೇ ಹೆಸರು. ಗೇಣಿಗೆ ಗದ್ದೆ ಮಾಡುವವನು ಏಳನೇ ನಂಬ್ರದ ಫಾರ್ಮು ತುಂಬಿ ಕೊಡಬೇಕು. ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ, ಇವನು ಒಕ್ಕಲು ಹೌದು ಅಂತ ಕಂಡರೆ ಗದ್ದೆ ಅವನಿಗೇ. ವಕೀಲರಿಗೆ ಅಲ್ಲಿ ಜಾಗ ಇರಲಿಲ್ಲ. ಧಣಿ ಒಂದು ಕಡೆ, ಒಕ್ಕಲು ಒಂದು ಕಡೆ. ಹಾಗಾಗಿ ಚೀಟಿ ಇಲ್ಲದವನಿಗೆ ಸಾಕ್ಷಿಯ ಬಾಯಿಮಾತೇ ಗತಿ. ಚಾಲಗೇಣಿಯವರ, ಧಣಿ ಬಿಡು ಅಂದರೆ ಗದ್ದೆ ಬಿಡಬೇಕಾದವರ, ಹತ್ತಿರ ಚೀಟಿ ಎಲ್ಲಿಂದ ಬರಬೇಕು? ನಮ್ಮ ಅಪ್ಪನ ಹತ್ತಿರವೂ ಇರಲಿಲ್ಲ. ಆಚೆಮನೆಯ ಪೂಜಾರಿಯವರು ಕೂಲಿ ಬಿಟ್ಟು ತಾಲೂಕು ಕಚೇರಿಗೆ ಬಂದು, ಇವರೇ ಉಳುತ್ತಿದ್ದದ್ದು ಅಂತ ಹೇಳಿದ್ದರಿಂದ ನಮಗೆ ಗದ್ದೆ ಆಯಿತು. ಇದು ನೆನಪಿಟ್ಟುಕೋ, ಮುಂದೆ ಬರೆಯುವುದು ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಊರಿನಲ್ಲಿ ಇನ್ನೊಬ್ಬ ಒಕ್ಕಲು ಇದ್ದ. ನಮ್ಮವನೇ, ನಮ್ಮದೇ ಇಗರ್ಜಿ, ಅದೇ ಚರ್ಚು. ಧಣಿಯೂ ನಮ್ಮವರೇ. ನಾನು ಆರನೇ ಕ್ಲಾಸಿನಿಂದ ಆ ಧಣಿಯ ಮನೆಗೆ ಲೆಕ್ಕ ಬರೆಯಲು ಹೋಗುತ್ತಿದ್ದೆ, ಅಕ್ಷರ ದುಂಡಗೆ ಅಂತ. ಉದ್ದದ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಏಣೆಲು ಕೊಯ್ಲು ಮುಗಿದ ಮೇಲೆ ಅಂಗಳದಲ್ಲಿ ಗೇಣಿಯ ಮುಡಿ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆ, ಇಳಿಯುತ್ತಿತ್ತು. ಧಣಿ ಜಗಲಿಯಲ್ಲಿ ಕೂತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಇವನ ಹೆಸರು, ಎದುರಿಗೆ ಹದಿನಾಲ್ಕು ಮುಡಿ. ತಲೆಯ ಮೇಲಿನ ಮುಡಿ ಇಳಿಸಿ ಅವನು ಸೊಂಟಕ್ಕೆ ಕೈ ಕೊಟ್ಟು ಒಂದು ಗಳಿಗೆ ನಿಲ್ಲುತ್ತಿದ್ದ. ಕೂದಲಲ್ಲಿ ಬೈಹುಲ್ಲಿನ ಪುಡಿ. ನಾನು ಅವನ ಹೆಸರಿನ ದೀರ್ಘ ತಿದ್ದುತ್ತಾ ಕೂರುತ್ತಿದ್ದೆ.

1977ರಲ್ಲಿ ಅವನ ಕೇಸು ವಿಚಾರಣೆಗೆ ಬಂತು. ಇವನು ಒಕ್ಕಲೇ ಅಲ್ಲ, ಕೂಲಿ ಆಳು, ಗದ್ದೆ ನಮ್ಮ ಸ್ವಂತ ಸಾಗುವಳಿ ಅಂತ ಧಣಿಯ ವಾದ. ಒಂದು ರಾತ್ರಿ ತೇರ್ಸ್, ಜಪಮಾಲೆಯ ಪ್ರಾರ್ಥನೆ, ಮುಗಿಯುವ ಹೊತ್ತಿಗೆ ಅವನು ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲಿನ ಕೆಳಗೇ ನಿಂತ. "ಮಾಸ್ಟ್ರೇ, ಆ ಪುಸ್ತಕ ನೀವು ಬರೆದದ್ದಲ್ಲವಾ. ಬರೆದದ್ದು ಹೌದು ಅಂತ ಒಂದು ಮಾತು ಹೇಳಿದರೆ ಸಾಕು." ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ನನಗೆ 'ನೀವು' ಅಂದ. ನನಗೆ ಆಗ ಇಪ್ಪತ್ತೈದು. ಶಾಲೆಯ ಕೆಲಸ ಖಾಯಂ ಆಗಿರಲಿಲ್ಲ. ಖಾಯಂ ಆಗಲು ಯಾರ ಮಾತು ಬೇಕಿತ್ತು ಅಂತ ಬಿಡಿಸಿ ಬರೆಯುವುದಿಲ್ಲ.

"ನೋಡುವ" ಅಂದೆ. ನಮ್ಮ ಕಡೆ 'ನೋಡುವ' ಅಂದರೆ ಏನು ಅಂತ ಅವನಿಗೂ ಗೊತ್ತಿತ್ತು.

ವಿಚಾರಣೆಯ ದಿನ ಶಾಲೆಯಲ್ಲಿ ಪರೀಕ್ಷೆ ಉಂಟು ಅಂತ ಹೇಳಿದೆ. ಪರೀಕ್ಷೆ ಇದ್ದದ್ದು ಮರುದಿನ.

ಗದ್ದೆ ಹೋದ ಕತೆ ಅಷ್ಟೇ. ಆದರೆ ನೀನು ಕೇಳಿದ್ದು ಬೆಂಚಿನ ವಿಷಯ. ಅವನು ಫಾರ್ಮು ಕೊಟ್ಟ ದಿನದಿಂದಲೇ, ಉಂಡ ಮನೆಯ ಜಂತೆ ಎಣಿಸಿದವನು ಅಂತ ಮಾತು ಶುರುವಾಗಿತ್ತು. ಆಗ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ಕ್ರಮ. ಸಾಂತ್ ಆಂತೊನಿಯ ಪ್ರತಿಮೆಯ ಎದುರಿಗೆ ಐದನೇ ಬೆಂಚು, ನಾವು ನಾಲ್ಕೈದು ಮನೆಯವರು ಅಲ್ಲೇ. ಅವನು ಬಂದು ತುದಿಯಲ್ಲಿ ಕೂತ. ಒಬ್ಬ ಎದ್ದು ಹಿಂದಿನ ಬೆಂಚಿಗೆ ಹೋದ, ಕೆಮ್ಮು ಬಂದವನ ಹಾಗೆ. ಮುಂದಿನ ಆದಿತ್ಯವಾರ ಇನ್ನಿಬ್ಬರು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಬಹಿಷ್ಕಾರ ಅಂತ ಯಾರ ಬಾಯಲ್ಲೂ ಬರಲಿಲ್ಲ. ಬೆಂಚು ಖಾಲಿ ಆಯಿತು, ಅಷ್ಟೆ. ಕೊನೆಗೆ ಉಳಿದದ್ದು ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ನಡುವೆ ಮೂರು ಜನ ಕೂರುವಷ್ಟು ಜಾಗ. ಶಾಂತಿ ಹಂಚುವ ಹೊತ್ತಿಗೆ ಅವನು ನನ್ನ ಕಡೆ ತಿರುಗಿ ಕೈ ಮುಗಿದ. ನಾನೂ ಮುಗಿದೆ, ಮುಖ ನೋಡಲಿಲ್ಲ.

ಅದರ ಮರುವಾರ ನಾನು ಕೊಯರಿಗೆ ಸೇರಿದೆ. ಮೇಲೆ ಅಟ್ಟದಲ್ಲಿ ನಿಂತರೆ ಯಾರ ಪಕ್ಕದಲ್ಲೂ ಕೂರಬೇಕಾಗಿಲ್ಲ.

ಈಗ ಹೇಳು, ನಿನ್ನ ಪ್ರಶ್ನೆಗೆ ನಾನು ಯಾವ ಬಾಯಲ್ಲಿ ಉತ್ತರ ಕೊಡಲಿ. ಎದ್ದು ಹೋಗುವವರು ಹೇಗೆ ಎದ್ದು ಹೋಗುತ್ತಾರೆ ಅಂತ ನನಗೆ ಗೊತ್ತು. ಅವರಿಗೆ ನಿನ್ನ ಮೇಲೆ ಸಿಟ್ಟು ಇರುವುದಿಲ್ಲ. ಹೆಚ್ಚಿನವರಿಗೆ ನೀನು ಮಾಡಿದ್ದು ಸರಿ ಅಂತಲೂ ಗೊತ್ತಿರುತ್ತದೆ. ಅದಕ್ಕೇ ಪಕ್ಕದಲ್ಲಿ ಕೂರಲು ಕಷ್ಟ.

ನಾನು ಚಿಕ್ಕವನಿದ್ದಾಗ ಪೂಜೆ ಲತೀನಿನಲ್ಲಿ. ಪೂಜೆಯ ಮೊದಲಿಗೆ ಎದೆ ಬಡಿದುಕೊಂಡು ತಪ್ಪು ಒಪ್ಪಿಕೊಳ್ಳುತ್ತೇವಲ್ಲ, ಆ ಪ್ರಾರ್ಥನೆಯಲ್ಲಿ ಆಗ ಮೂರೇ ಇದ್ದದ್ದು. ಯೋಚನೆಯಿಂದ, ಮಾತಿನಿಂದ, ಕೆಲಸದಿಂದ. ವತಿಕಾನಿನಲ್ಲಿ ಬಿಷಪರ ಮಹಾಸಭೆ ಮುಗಿದು, 1970ರ ಹೊತ್ತಿಗೆ ಹೊಸ ಕ್ರಮದ ಪೂಜೆ ಬಂದಾಗ ನಾಲ್ಕನೆಯದೊಂದು ಸೇರಿಕೊಂಡಿತು. ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದು. ನನಗೆ ಹದಿನೆಂಟು. ಯಾರೋ ಫಾದರ್ ಕೂತು ಸೇರಿಸಿದ ಹಾಗೆ ಒಂದು ಸಣ್ಣ ಶಬ್ದ ಅಂತ ಅನ್ನಿಸಿತ್ತು. ಏಳು ವರ್ಷ ಕಳೆಯುವಾಗ ಆ ನಾಲ್ಕನೆಯದು ನನ್ನ ಹೆಸರಿಗೇ ಬಂದು ಕೂತಿತು. ಕುಮ್ಸಾರಿನಲ್ಲಿ, ಫಾದರ್ ಎದುರು ಪಾಪ ಒಪ್ಪಿಕೊಳ್ಳುವಾಗ, ಹೇಳಿದೆಯಾ ಅಂತ ನೀನು ಕೇಳಬಹುದು. ಹೇಳಿದೆ, ಇಪ್ಪತ್ತು ವರ್ಷ ತಡವಾಗಿ. ಫಾದರ್ ಚಿಕ್ಕ ಪ್ರಾಯದವರು. "ಅವರ ಹತ್ತಿರ ಹೋಗಿ ಹೇಳಿದ್ದೀರಾ?" ಅಂತ ಅಷ್ಟೇ ಕೇಳಿದರು. ಅಷ್ಟರಲ್ಲಿ ಅವನು ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು.

ಇನ್ನೊಂದು ಬರೆಯದೆ ಬಿಡೋಣ ಅಂತ ಇದ್ದೆ. ಬಡವರಿಗೆ ಅಕ್ಕಿ ಕೊಡುವ ಸಭೆಯಲ್ಲಿ ನಾನಿದ್ದೆ. ಒಂದು ಕ್ರಿಸ್ಮಸ್ಸಿಗೆ ಪಟ್ಟಿಯಲ್ಲಿ ಅವನ ಮನೆಯ ಹೆಸರು ಬಂತು. ಅದನ್ನೂ ನಾನೇ ಬರೆದದ್ದು, ಅದೇ ದುಂಡಗಿನ ಅಕ್ಷರ. ಚೀಲ ಹಿಡಿದುಕೊಂಡು ಹೋದೆ. ಅವನ ಹೆಂಡತಿ ಮಡಿಲಲ್ಲಿ ಮೊರ ಇಟ್ಟು ಬೀಡಿ ಕಟ್ಟುತ್ತಿದ್ದರು. ಮೊರ ಕೆಳಗಿಟ್ಟು, ಕೈಯ ಹೊಗೆಸೊಪ್ಪಿನ ಪುಡಿ ಸೀರೆಗೆ ಒರೆಸಿಕೊಂಡು, ಎರಡೂ ಕೈ ಚಾಚಿ ಅಕ್ಕಿ ತೆಗೆದುಕೊಂಡರು. "ದೇವ್ ಬರೆಂ ಕರುಂ", ದೇವರು ಒಳ್ಳೆಯದು ಮಾಡಲಿ, ಅಂದರು. ಐದು ಸೇರು ಕುಚ್ಚಲಕ್ಕಿ, ಬಾಯೆ. ಹದಿನಾಲ್ಕು ಮುಡಿ ಗೇಣಿ ಹೊತ್ತ ಮನೆಗೆ.

ನಿನ್ನೆ ಫೆಸ್ತಿಗೆ ಹೊಸ ತೆನೆ ಕೈಗೆ ಬಂದಾಗ ಇದೇ ತಲೆಯಲ್ಲಿ. ನಮ್ಮ ಊರಿನ ಇಗರ್ಜಿಗೆ ಆಶೀರ್ವಾದದ ತೆನೆ ಬರುತ್ತಿದ್ದದ್ದು ಅದೇ ಗದ್ದೆಯಿಂದ. ಕೊಯ್ದು ತರುತ್ತಿದ್ದವನು ಅವನು. ಕೇಸು ಸೋತ ವರ್ಷವೂ ತೆನೆ ಬಂತು, ಬೇರೆ ಆಳು ತಂದ. ನಾವು ಹಾಡಿದೆವು, ತೆನೆ ಮನೆಗೆ ತಂದು ಹೊಸ ಅಕ್ಕಿ ಊಟ ಮಾಡಿದೆವು. ಗದ್ದೆಯಲ್ಲಿ ದುಡಿದವರಿಗೆ ಕೊಡದೆ ಹಿಡಿದ ಕೂಲಿ ತಾನೇ ಕೂಗುತ್ತದೆ ಅಂತ ಯಾಕೋಬನ ಪತ್ರದಲ್ಲಿ ಉಂಟು, ಐದನೇ ಅಧ್ಯಾಯ. ಪೂಜೆಯಲ್ಲಿ ಆ ವಾಚನ ಬಂದಾಗಲೆಲ್ಲ ನಾನು ಹಾಡಿನ ಪುಸ್ತಕದ ಪುಟ ತಿರುಗಿಸುತ್ತೇನೆ.

ನಿವೃತ್ತಿಯಾದ ಮೇಲೆ ಒಂದಷ್ಟು ಓದಿದೆ. ಹದಿಮೂರನೇ ಲಿಯೋ ಪೋಪರು 1891ರಲ್ಲೇ ಕೂಲಿಕಾರರ ಪರವಾಗಿ ಪತ್ರ ಬರೆದಿದ್ದಾರೆ. ಒಪ್ಪಂದ ಆಗಿದೆ ಅಂದ ಮಾತ್ರಕ್ಕೆ ಕೂಲಿ ನ್ಯಾಯ ಆಗುವುದಿಲ್ಲ, ಅವನ ಹೊಟ್ಟೆ ತುಂಬಬೇಕು ಅನ್ನುವ ಅರ್ಥದ ಮಾತು ಅದರಲ್ಲಿ ಉಂಟು. ಕಾರ್ಮಿಕರು ಸಂಘ ಕಟ್ಟಿಕೊಳ್ಳಬಹುದು ಅಂತಲೂ ಉಂಟು. ಮಹಾಸಭೆಯವರು 1965ರಲ್ಲಿ ಇನ್ನೂ ಖಡಕ್ಕಾಗಿ ಬರೆದರು. ನಂಬಿಕೆ ಒಂದು ಕಡೆ, ದಿನದ ಬದುಕು ಒಂದು ಕಡೆ ಅಂತ ಸೀಳಿಕೊಂಡು ಇರುವುದನ್ನು ನಮ್ಮ ಕಾಲದ ದೊಡ್ಡ ತಪ್ಪುಗಳಲ್ಲಿ ಒಂದು ಅಂತ ಎಣಿಸಬೇಕು ಅಂತ. ಅದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ತೋಟಕ್ಕೆ ಹೋದೆ. 1977ರಲ್ಲಿ ಇದೆಲ್ಲ ಗೊತ್ತಿದ್ದರೆ ತಾಲೂಕು ಕಚೇರಿಗೆ ಹೋಗುತ್ತಿದ್ದೆನಾ? ಇಲ್ಲ ಅಂತಲೇ ಕಾಣುತ್ತದೆ. ಗೊತ್ತಿಲ್ಲದೆ ಬಿಟ್ಟವನಲ್ಲ ನಾನು.

ನಿನ್ನ ಮಮ್ಮಿ ಸ್ಟ್ಯಾನ್ ಸ್ವಾಮಿಯವರ ಹೆಸರು ಹೇಳಿ ನಿನ್ನನ್ನು ಹೆದರಿಸಿದಳಂತೆ. ಅವಳನ್ನು ಬೈಯಬೇಡ. ಆದಿವಾಸಿಗಳ ಪರ ಕೆಲಸ ಮಾಡುತ್ತಿದ್ದ 83 ವರ್ಷದ ಪಾದ್ರಿಯನ್ನು 2020ರ ಅಕ್ಟೋಬರಿನಲ್ಲಿ ಹಿಡಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಲೋಟ ಹಿಡಿಯಲು ಆಗದೆ ನೀರು ಕುಡಿಯಲು ಸ್ಟ್ರಾ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಮುಂದಿನ ಜುಲೈಯಲ್ಲಿ, ಜಾಮೀನು ಸಿಗುವ ಮೊದಲೇ ಹೋದರು. ಅದನ್ನು ಪೇಪರಿನಲ್ಲಿ ಓದಿದ ನಮ್ಮ ಜನ ಹೆದರದೆ ಇರುತ್ತಾರಾ. 2008ರ ಸೆಪ್ಟೆಂಬರ್ 14, ಆ ಆದಿತ್ಯವಾರ ಮಂಗಳೂರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದಾಗ ನೀನು ಚಿಕ್ಕವಳು. ಅವತ್ತಿನಿಂದ ನಮ್ಮವರ ದನಿ ಇನ್ನೂ ಸಣ್ಣದಾಗಿದೆ. 'ಆಮ್ಕಾಂ ಕಿತ್ಯಾಕ್', ನಮಗ್ಯಾಕೆ, ಅನ್ನುವುದು ಮೊದಲೇ ಬಾಯಿಗೆ ಬರುತ್ತಿತ್ತು, ಆಮೇಲೆ ಅದಕ್ಕೊಂದು ಕಾರಣವೂ ಸಿಕ್ಕಿತು. ಆದರೆ ಅದೇ ರಾತ್ರಿ ನಮ್ಮ ಆಚೆಮನೆಯ ಶೆಟ್ರು ಒಂದು ಕುರ್ಚಿ ತಂದು ನಮ್ಮ ಗೇಟಿನ ಹತ್ತಿರ ಹಾಕಿ ಕೂತಿದ್ದರು, ಹನ್ನೆರಡು ಗಂಟೆವರೆಗೂ. ಏನೂ ಮಾತಾಡಲಿಲ್ಲ. ರೇಡಿಯೋ ಕೇಳುತ್ತಾ ಕೂತಿದ್ದರು. ಅವರಿಗ್ಯಾಕೆ ಬೇಕಿತ್ತು ಅಲ್ವಾ.

ಮತ್ತೆ, ನೀನು ಸ್ಟ್ಯಾನ್ ಸ್ವಾಮಿ ಆಗಬೇಕು ಅಂತ ಯಾರೂ ಕೇಳಿಲ್ಲ ಮಾರಾಯ್ತಿ. ನಿನ್ನ ಮುಂದೆ ಇರುವುದು ಒಂದು ಕಾಗದ. 'ಅವನಾಗಿಯೇ ಗುಂಡಿಗೆ ಇಳಿದ' ಅಂತ ಬರೆದದ್ದು. ನೀನು ಬಾಲ್ಕನಿಯಿಂದ ನೋಡಿದ್ದು ಬೇರೆ.

ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ಅದು ಇಷ್ಟು ಹೊತ್ತಿಗೆ ನಿನಗೇ ಗೊತ್ತಾಗಿರಬೇಕು. ಆದರೂ ಮಾಸ್ಟ್ರ ಅಭ್ಯಾಸ, ಬಾಯಿ ಸುಮ್ಮನಿರುವುದಿಲ್ಲ. ಸಹಿ ಹಾಕಬೇಡ. ಜಗಳ ಮಾಡುತ್ತಾ ಅಲ್ಲ, ನಾನು ನೋಡಿದ್ದು ಹೀಗಲ್ಲ ಅಂತ ಹೇಳಿ ಪೆನ್ನು ವಾಪಸು ಕೊಡು. ನೋಡಿದ್ದನ್ನು ತಾರೀಖು, ಗಂಟೆ ಹಾಕಿ ಒಂದು ಹಾಳೆಯಲ್ಲಿ ಬರೆದಿಡು, ನೆನಪು ಬಹಳ ಬೇಗ ನಮಗೆ ಬೇಕಾದ ಹಾಗೆ ತಿರುಗುತ್ತದೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನಿನ ಒಂದು ಪೇಪರ್ ತುಂಡು ನನ್ನ ಹತ್ತಿರ ಉಂಟು. ರಕ್ಷಣೆಯ ಸಾಮಾನು ಇಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ, ಚರಂಡಿ ಗುಂಡಿಗೆ ಇಳಿಸಿದರೆ ಮೊದಲ ಸಲವೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಇಳಿಸಿದವರು ಅಪಾರ್ಟ್‌ಮೆಂಟಿನವರಾದರೂ ಅಷ್ಟೆ. ಆ ಕಾಗದ ಯಾಕೆ ಇಷ್ಟು ಅವಸರದಲ್ಲಿ ಟೈಪಾಯಿತು ಅಂತ ಈಗ ಗೊತ್ತಾಯಿತಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನೂ ಏರಿಸಿದೆ. ಸತ್ತರೆ 30 ಲಕ್ಷ, ಬದುಕಿ ದುಡಿಯಲು ಆಗದಂತೆ ಶಾಶ್ವತವಾಗಿ ಊನ ಆದರೆ 20 ಲಕ್ಷಕ್ಕೆ ಕಡಿಮೆ ಇಲ್ಲ. ಗುಂಡಿಗೆ ಇಳಿದವನು ಇನ್ನೂ ಆಸ್ಪತ್ರೆಯಲ್ಲಿದ್ದಾನೆ ಅಂದೆಯಲ್ಲ. ನಿನ್ನ ಒಂದು ಮಾತಿನ ಬೆಲೆ ಅವನ ಮನೆಗೆ ಎಷ್ಟು ಅಂತ ಲೆಕ್ಕ ಹಾಕು. ಇದಕ್ಕೊಂದು ಜಾಗೃತಿ ಸಮಿತಿ ಇರಬೇಕು, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ನಾನು ವಕೀಲ ಅಲ್ಲ, ತಿಳಿದವರನ್ನು ಕೇಳು.

ಎಲ್ಲಿಗೂ ಹೋಗುವ ಮೊದಲು ಅವನ ಹೆಂಡತಿಯ ಹತ್ತಿರ ಹೋಗು. ಅವರಿಗೆ ಏನು ಬೇಕು ಅಂತ ಕೇಳು. ನಿನ್ನ ಮನಸ್ಸಾಕ್ಷಿ ತಣ್ಣಗಾಗಲಿ ಅಂತ ಅವರ ಹೆಸರು ಪೇಪರಿಗೆ ಹೋಗುವುದು ಬೇಡ. ಮತ್ತೆ ಅಸೋಸಿಯೇಶನ್ನಿನ ಆ ಸೆಕ್ರೆಟರಿಯನ್ನು ರಾಕ್ಷಸ ಮಾಡಬೇಡ. ನಮ್ಮ ಧಣಿ ನನ್ನ ಅಮ್ಮನ ಆಪರೇಶನ್ನಿಗೆ ದುಡ್ಡು ಕೊಟ್ಟವರು, ವಾಪಸು ಕೇಳಲೇ ಇಲ್ಲ. ಒಳ್ಳೆಯವರ ಎದುರು ಮಾತಾಡುವುದೇ ಹೆಚ್ಚು ಕಷ್ಟ.

ಇಷ್ಟೆಲ್ಲ ಬರೆದರೂ ಬೆಂಚು ಖಾಲಿ ಆಗುವುದಿಲ್ಲ ಅಂತ ಬರೆಯಲು ನನ್ನಿಂದ ಆಗುತ್ತಿಲ್ಲ, ನೋಡು. ಆಗಬಹುದು. ಆ ಒಕ್ಕಲು ಆರು ತಿಂಗಳು ಒಬ್ಬನೇ ಕೂತ. ನಾನು ಮೇಲಿಂದ ನೋಡುತ್ತಿದ್ದೆ. ಅಟ್ಟದಿಂದ ಅವನ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು, ನಡುನೆತ್ತಿ ಸ್ವಲ್ಪ ಬೋಳು. ಪರಮಪ್ರಸಾದಕ್ಕೆ ಕೊನೆಯವನಾಗಿ ಹೋಗುತ್ತಿದ್ದ. ಆಮೇಲೆ ಬರುವುದು ನಿಲ್ಲಿಸಿದ. ಮೂರು ಮೈಲು ನಡೆದು ಇನ್ನೊಂದು ಫಿರ್ಗಜಿನ ಇಗರ್ಜಿಗೆ ಹೋಗುತ್ತಿದ್ದ ಅಂತ ಕೇಳಿದೆ. ನಮ್ಮ ಬೆಂಚು ಮರುವಾರವೇ ತುಂಬಿತು. ಎಲ್ಲರೂ ವಾಪಸು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ನಾನೊಬ್ಬ ಕೆಳಗೆ ಇಳಿಯಲಿಲ್ಲ. ಊರು ಬಿಟ್ಟು ಇಲ್ಲಿಗೆ ಬಂದ ಮೇಲೂ ಮೊದಲು ಹುಡುಕಿದ್ದು ಕೊಯರನ್ನೇ.

ನಿನ್ನೆ ನಾನು ಅಟ್ಟ ಹತ್ತಲಿಲ್ಲ. ಕೆಳಗೆ, ಬಾಗಿಲ ಹತ್ತಿರ ಕೂತೆ. ಕೊಯರಿನ ಮಕ್ಕಳು ಕೇಳಿದರು, ಮಂಡಿ ನೋವು ಅಂದೆ. ಮಂಡಿ ನೋವು ಇರುವುದೂ ಹೌದು.

ನಿನ್ನ ಪತ್ರದಲ್ಲಿ ಒಂದು ಕಡೆ ಬರೆದಿದ್ದೀ, ಗುಂಡಿಯ ಪಕ್ಕದಲ್ಲಿ ಅವನ ಚಪ್ಪಲಿ ಜೋಡಿಸಿ ಇಟ್ಟಿತ್ತು, ಮನೆಯ ಬಾಗಿಲಲ್ಲಿ ಬಿಡುವ ಹಾಗೆ, ಸಂಜೆವರೆಗೂ ಯಾರೂ ತೆಗೆಯಲಿಲ್ಲ ಅಂತ. ಅಷ್ಟು ಸರಿಯಾಗಿ ನೋಡಿದವಳು ಎರಡು ಪುಟದಲ್ಲಿ ಅವನ ಹೆಸರು ಮಾತ್ರ ಎಲ್ಲೂ ಬರೆದಿಲ್ಲ. ಹುಡುಕಿದೆ. 'ಆ ಕೆಲಸದವನು', 'ಆ ಮನುಷ್ಯ' ಅಂತಲೇ ಉಂಟು. ತಪ್ಪು ಅಂತ ಹೇಳುತ್ತಿಲ್ಲ, ನಾನೂ ಈ ಪತ್ರದಲ್ಲಿ ಹಾಗೇ ಮಾಡಿದ್ದೇನೆ. ಅವನ ಹೆಸರು ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೆ ಕೇಳಿ ಬರೆ. ನಾನು ತೇರ್ಸಿನಲ್ಲಿ ಹೇಳಬೇಕು.

ಬೆಸಾಂವ್,
ನಿನ್ನ ಬಾಪ್ಪು

ಮರೆತೆ. ಹೊಸ ಅಕ್ಕಿ ಒಂದು ಪೊಟ್ಟಣ ಕಟ್ಟಿಟ್ಟಿದ್ದೇನೆ, ಶನಿವಾರ ಮಂಗಳೂರಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ಮಮ್ಮಿಗೆ ಈ ಪತ್ರ ತೋರಿಸಬೇಕಾ ಬೇಡವಾ ಅಂತ ನೀನೇ ನೋಡು. ಕೊಯರಿನ ವಿಷಯ ಅವಳಿಗೂ ಗೊತ್ತಿಲ್ಲ.